ನಾಲ್ಕನೆಯ ಬೇಡ

ಕಳೆದ ವಾರ ನಮ್ಮ ಮನೆಗೆ ಹೊಸ ಫ್ರಿಜ್ಜು ಬಂತು. ಹಳೆಯದೇನೂ ಕೆಟ್ಟಿರಲಿಲ್ಲ, ಬಾಗಿಲನ್ನು ಸ್ವಲ್ಪ ಜೋರಾಗಿ ದೂಡಿ ಹಾಕಬೇಕಿತ್ತು, ಅಷ್ಟೆ. ಆದರೆ ನಮ್ಮ ಯಜಮಾನರಿಗೆ ಎರಡು ಬಾಗಿಲಿನದು ಬೇಕಾಗಿತ್ತು, ಮಗಳಿಗೂ ಬೇಕಾಗಿತ್ತು. ನನಗೆ ಬೇಡ ಅಂದೆ. ಇಬ್ಬರೂ ನಕ್ಕರು. ಸರಿ, ಬಂತು. ಅಂಗಡಿಯವರು ಹಗ್ಗ ಬಿಚ್ಚಿ, ಥರ್ಮಾಕೋಲು ಕಿತ್ತು ಬಾಗಿಲು ತೆಗೆದಾಗ ಒಳಗಿನಿಂದ ಆ ವಾಸನೆ ಬಂತು ನೋಡಿ... ಹೊಸ ರಬ್ಬರು, ಹೊಸ ಪ್ಲಾಸ್ಟಿಕ್ಕು, ಮುಚ್ಚಿಟ್ಟ ಗಾಳಿ. ಮನೆಯವರೆಲ್ಲ ಒಳಗೆ ಬಗ್ಗಿ ನೋಡುತ್ತಿದ್ದರು. ನಾನು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತೆ. ಮಂಡಿ ನೋವು ಅಂದೆ. ಮಂಡಿ ನೋವೂ ಇತ್ತು, ಅದು ಸುಳ್ಳಲ್ಲ.

ಆ ವಾಸನೆಯನ್ನು ನಾನು ಮೊದಲು ಮೂಸಿದ್ದು ನಮ್ಮ ಎದುರು ಮನೆ ಅತ್ತೆಯ ಜಗಲಿಯ ಮೇಲೆ. ಇಪ್ಪತ್ತೈದು ವರ್ಷದ ಮೇಲಾಯಿತು.

ನಾನು ಹುಟ್ಟಿ ಬೆಳೆದದ್ದು ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ, ಗೂಡಲೂರಿಗೆ ಬಸ್ಸಿನಲ್ಲಿ ಹತ್ತು ನಿಮಿಷವಿರುವ ಒಂದು ಹಳ್ಳಿಯಲ್ಲಿ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ನಮ್ಮ ಆ ಕನ್ನಡ ಕೇಳಿ ಇಲ್ಲಿ ಮಂಡ್ಯದಲ್ಲಿ ನಮ್ಮ ಓರಗಿತ್ತಿಯರು ಈಗಲೂ ಸೆರಗು ಅಡ್ಡ ಹಿಡಿದು ನಗುತ್ತಾರೆ. ನಗಲಿ ಬಿಡಿ. ಓದು ಬರಹವೆಲ್ಲ ನಮಗೆ ತಮಿಳಿನಲ್ಲೇ. ಕನ್ನಡದ ಅಕ್ಷರ ನಾನು ಕಲಿತದ್ದು ಮದುವೆಯಾಗಿ ಇಲ್ಲಿಗೆ ಬಂದ ಎಷ್ಟೋ ವರ್ಷದ ಮೇಲೆ, ಮಗಳ ಒಂದನೇ ಕ್ಲಾಸಿನ ಪುಸ್ತಕ ಮುಂದಿಟ್ಟುಕೊಂಡು. ಊರಿನಲ್ಲಿ ಯಾರಾದರೂ ಕಾಗದ ಬರೆಸಬೇಕಾದರೆ ಹೇಳುವುದು ಕನ್ನಡದಲ್ಲಿ, ಬರೆಯುವುದು ತಮಿಳಿನಲ್ಲಿ. ನಮ್ಮ ಬೀದಿಗೆಲ್ಲ ಹಾಗೆ ಬರೆದುಕೊಡುತ್ತಿದ್ದವಳು ನಾನೇ. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ಅಂತ ಆ ಮರ್ಯಾದೆ.

ಅತ್ತೆ ಅಂದರೆ ರಕ್ತಸಂಬಂಧವೇನಲ್ಲ. ಅಪ್ಪನನ್ನು ಅಣ್ಣಾ ಅನ್ನುತ್ತಿದ್ದಳು, ನಮಗೆ ಅತ್ತೆಯಾದಳು. ಅವಳ ಗಂಡನನ್ನು ನಾವು ಮಾಮ ಅನ್ನುತ್ತಿದ್ದೆವು. ಅವನಿಗೆ ದ್ರಾಕ್ಷಿ ಚಪ್ಪರ ಬಿಟ್ಟರೆ ಬೇರೆ ಪ್ರಪಂಚವಿರಲಿಲ್ಲ. ಒಬ್ಬಳೇ ಮಗಳು. ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಮರಳು ಹಾಸಿ ಅದರ ಮೇಲೆ ಮಣ್ಣಿನ ಕೊಡ ಇಟ್ಟಿರುತ್ತಿದ್ದಳು. ಸೋರಿದ ನೀರಿಗೆ ಆ ಮರಳಿನಲ್ಲಿ ಮೆಂತ್ಯ ಚಿಗುರುತ್ತಿತ್ತು. ಬೇಸಿಗೆಯಲ್ಲಿ ಬೀದಿಯವರೆಲ್ಲ ಆ ಕೊಡದ ನೀರು ಕುಡಿಯಲು ನೆಪ ಹುಡುಕಿಕೊಂಡು ಬರುತ್ತಿದ್ದರು.

ಇನ್ನು ಅವಳ ಬೇಡಗಳು. ಬೀದಿಯಲ್ಲಿ ಒಂದೊಂದೇ ಮನೆಗೆ ಬಣ್ಣದ ಟೀವಿ ಬಂತು, ಅವಳು ನೋಡಲು ಬರಲಿಲ್ಲ. ವ್ಯಾನು ಮಾಡಿಕೊಂಡು ಎಲ್ಲರೂ ಕೊಡೈಕಾನಲ್‌ಗೆ ಹೋದೆವು, ಅವಳಿಗೂ ಒಂದು ಸೀಟು ಹಿಡಿದಿದ್ದೆವು. "ನೀವ್ ಹೋಗ್ಬನ್ನಿ ತಾಯಿ. ಚಳಿ ನೋಡಾಕೆ ದುಡ್ಡು ಕೊಟ್ ಹೋಗ್ಬೇಕಾ?" ಅಂದು ಮೆಟ್ಟುಗತ್ತಿಯ ಮುಂದೆ ಕೂತು ಬದನೆಕಾಯಿ ಹೆಚ್ಚಿದಳು. ಹಾಗಂತ ಅವಳೇನು ಸನ್ಯಾಸಿನಿಯಲ್ಲ. ಮಲ್ಲಿಗೆ ದಂಡೆ ಒಂದು ಗೇಣು ಕಡಿಮೆಯಾದರೆ ಹೂವಿನವಳ ಜೊತೆ ಬೀದಿ ಕೇಳುವಂತೆ ಜಗಳ ಆಡುತ್ತಿದ್ದಳು. ಕಾಫಿ ಆರಿದ್ದರೆ ಲೋಟ ಹಾಗೇ ತಳ್ಳುತ್ತಿದ್ದಳು. ಬೇಕಾದ್ದು ಬೇಕು, ಬೇಡವಾದ್ದು ಬೇಡ. ಅದಕ್ಕೆ ಕಾರಣ ಕೇಳಿದರೆ ಅವಳಿಗೇ ಆಶ್ಚರ್ಯ.

ಇಲ್ಲೇ ತೊಡಕು. ನಮ್ಮ ಜನದಲ್ಲಿ ಬೇಡ ಅನ್ನುವುದಕ್ಕೆ ಒಂದು ಲೆಕ್ಕವಿದೆ. ಯಾರ ಮನೆಗೇ ಹೋಗಲಿ, ಕಾಫಿ ಕೊಟ್ಟರೆ ಬೇಡ ಅನ್ನಬೇಕು. ಇನ್ನೊಮ್ಮೆ ಹೇಳಿದರೂ ಬೇಡ ಅನ್ನಬೇಕು. ಮೂರನೇ ಸಲ ಮುಖ ಆಚೆ ತಿರುಗಿಸಿಕೊಂಡು ಬೇಡ ಅಂದು ಕೈ ಚಾಚಬೇಕು. ಮೊದಲನೇ ಮಾತಿಗೇ ತೆಗೆದುಕೊಂಡರೆ "ಕಂಡರಿಯದವಳು" ಅನ್ನುತ್ತಾರೆ. ಕೊಡುವವರೂ ಅಷ್ಟೆ, ಮೂರು ಸಲ ಬಲವಂತ ಮಾಡದಿದ್ದರೆ ಜಿಪುಣರು. ನಮ್ಮಮ್ಮ ಒಮ್ಮೆ ಕುಮಳಿಯಲ್ಲಿ ಯಾವುದೋ ಮಲೆಯಾಳಿಗಳ ಮನೆಯಲ್ಲಿ ಊಟ ಬೇಡ ಅಂದಳಂತೆ. ಅವರು ಪಾಪ ಸರಿ ಅಂದು ತಟ್ಟೆ ಎತ್ತಿಟ್ಟರಂತೆ. ಹಸಿದ ಹೊಟ್ಟೆಯಲ್ಲಿ ಘಾಟಿ ಇಳಿದು ಬಂದ ಅಮ್ಮ ಆ ಮನೆಯವರನ್ನು ಬಯ್ದದ್ದು ಒಂದು ತಿಂಗಳು! ನಮ್ಮಲ್ಲಿ ಬೇಡ ಅನ್ನುವ ಮಾತನ್ನು ನಂಬುವವರೇ ಇರಲಿಲ್ಲ. ಅತ್ತೆ ಮಾತ್ರ ಬೇಕಾದ್ದಕ್ಕೆ ಮೊದಲ ಸಲವೇ ಕೈ ಚಾಚುತ್ತಿದ್ದಳು, ಬೇಡವಾದ್ದಕ್ಕೆ ಒಂದೇ ಸಲ ಬೇಡ ಅನ್ನುತ್ತಿದ್ದಳು. ಅದಕ್ಕೇ ಜನ ಅವಳನ್ನು ಆಸೆಬುರುಕಿ ಅಂತಲೂ ಅಂದರು, ಕೊಬ್ಬು ಅಂತಲೂ ಅಂದರು.

ಅವಳಿಗೆ ತವರಿನಲ್ಲಿ ಉಳಿದಿದ್ದವನು ಒಬ್ಬನೇ ತಮ್ಮ. ಬೋಡಿನಾಯಕನೂರಿನಲ್ಲಿ ಏಲಕ್ಕಿ ವ್ಯಾಪಾರ ಮಾಡಿಕೊಂಡಿದ್ದ. ನಮಗೆ ಬೋಡಿ ಚಿಕ್ಕಪ್ಪ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳು. ವರ್ಷ ವರ್ಷ ಪೊಂಗಲ್ಲಿಗೆ ಎರಡು ಜಲ್ಲೆ ಕಬ್ಬು, ಅಕ್ಕಿ, ಬೆಲ್ಲ, ಒಂದು ಸೀರೆ ಹೊತ್ತುಕೊಂಡು ಬಸ್ಸಿಳಿಯುತ್ತಿದ್ದ. ತವರಿನಿಂದ ಹೀಗೆ ಬರುವುದಕ್ಕೆ ನಮ್ಮಲ್ಲಿ ಸೀರು ಅನ್ನುತ್ತಾರೆ. ಆ ಕಬ್ಬನ್ನು ಅತ್ತೆ ಜಗಲಿಯ ಮೇಲೆ ಕೂತು ಹಲ್ಲಿನಲ್ಲೇ ಸಿಗಿದು ತಿನ್ನುತ್ತಿದ್ದಳು, ಎದುರಿಗೆ ತಮ್ಮ ಸುಮ್ಮನೆ ನೋಡುತ್ತಾ ಕೂತಿರುತ್ತಿದ್ದ. ಅಕ್ಕ ತಮ್ಮ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು, ಅತ್ತೆಯ ಮಗಳು ದೊಡ್ಡವಳಾದಳು. ಆ ಶಾಸ್ತ್ರಕ್ಕೆ ಸೋದರಮಾವನ ಸೀರು ಬಂದೇ ಬರಬೇಕು, ತಟ್ಟೆ ತಟ್ಟೆ, ಮೇಳದ ಜೊತೆ. ಆಗ ಹೊಸದಾಗಿ ಸೀರಿನ ತಟ್ಟೆಗಳ ಹಿಂದೆ ಬೀರು, ಟೀವಿ, ಹೊಲಿಗೆ ಮೆಷಿನ್ನು ಬರಲು ಶುರುವಾಗಿತ್ತು. ಯಾರ ತವರಿನಿಂದ ಏನು ಬಂತು ಅಂತ ಬಾವಿಕಟ್ಟೆಯಲ್ಲಿ ವಾರಗಟ್ಟಲೆ ಮಾತು. ಬೋಡಿಯಿಂದ ಬಂದ ನೆಂಟರೊಬ್ಬರು, ಚಿಕ್ಕಪ್ಪ ಫ್ರಿಜ್ಜು ತರುತ್ತಾನಂತೆ ಅಂತ ಸುದ್ದಿ ಹೇಳಿ ಹೋದರು. ನಮ್ಮ ಬೀದಿಯಲ್ಲಿ ಆಗ ಒಂದು ಮನೆಯಲ್ಲೂ ಫ್ರಿಜ್ಜಿರಲಿಲ್ಲ.

ಅವತ್ತು ಮಧ್ಯಾಹ್ನವೇ ಅತ್ತೆ ಇನ್‌ಲ್ಯಾಂಡ್ ಲೆಟರ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಗೂಡಲೂರಿನ ಬೂತಿನಿಂದ ಫೋನು ಮಾಡಬಹುದಲ್ಲ ಅಂದೆ. "ಅಲ್ಲಿ ಊರೆಲ್ಲ ಕೇಳೋ ಹಂಗೆ ಕೂಗ್ಬೇಕು. ಕಡದಾಸಿ ಬರಿ," ಅಂದಳು. ಕಡದಾಸಿ ಅಂದರೆ ನಮ್ಮ ಮಾತಿನಲ್ಲಿ ಕಾಗದ. ಕ್ಷೇಮ ಸಮಾಚಾರ, ಶಾಸ್ತ್ರದ ದಿನ, ಎಷ್ಟು ಜನ ಬರಬಹುದು, ಎಲ್ಲ ಬರೆಸಿದಳು. ಕೊನೆಗೆ ನಿಧಾನವಾಗಿ ಹೇಳಿದಳು, "ಇನ್ನ ಇದು ಬರಿ. ತಂಬೀ, ಆ ಐಸ್ ಪೆಟ್ಟಿ ಬ್ಯಾಡ. ನೀ ಬಾ, ಸಾಕು."

"ಏನ್ಕೆ ಅತ್ತೆ ಬ್ಯಾಡ? ಬೀದಿಗೇ ಮೊದಲ್ನೇದು!" ಅಂದೆ.

"ಬದ್ನೆಕಾಯಿ ತ್ವಾಟದ್ದು, ಹಾಲು ಮನೇದು. ಅದ್ರೊಳ್ಗೆ ಇಡಾಕೆ ನನ್ನತ್ರ ಏನೈತೆ? ಬರಿ ತಾಯಿ."

ನಾನು ಬರೆಯಲಿಲ್ಲ.

ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಏನಾಗಬೇಕು? ನನಗೆ ಆ ಫ್ರಿಜ್ಜು ಬೇಕಾಗಿತ್ತು. ಅತ್ತೆಗೆ ಬಂದರೆ ನಮಗೆ ಬಂದ ಹಾಗೇ, ನಡುವೆ ಒಂದು ಬೀದಿ ತಾನೇ. ಕಾಲೇಜಿನಲ್ಲಿ ಒಬ್ಬಳು ದಿನಾ ನಮ್ಮನೆ ಐಸು, ನಮ್ಮನೆ ಐಸು ಅಂತ ಕೊರೆಯುತ್ತಿದ್ದಳು. ನಾನೂ ಗೆಳತಿಯರನ್ನು ಕರೆತಂದು ಶರಬತ್ತಿಗೆ ಐಸು ಹಾಕಿ ಕೊಡುವುದನ್ನು ಮನಸ್ಸಿನಲ್ಲೇ ಹತ್ತು ಸಲ ಆಡಿ ಮುಗಿಸಿದ್ದೆ. ಜೊತೆಗೆ ಒಂದು ಸಮಾಧಾನವೂ ಇತ್ತು. ಹೆಂಗಸರು ಬೇಡ ಅನ್ನುತ್ತಾರೆ, ಆಮೇಲೆ ತೆಗೆದುಕೊಳ್ಳುತ್ತಾರೆ. ಊರಿನ ಪದ್ಧತಿಯೇ ಅದಲ್ಲವೇ? ಇದು ಮೊದಲನೇ ಬೇಡ, ಇನ್ನೂ ಎರಡಿದೆ ಅಂದುಕೊಂಡೆ. ಅತ್ತೆ ಪೆನ್ನು ಆಡುವುದನ್ನೇ ನೋಡುತ್ತಾ ಕೂತಿದ್ದಳಲ್ಲ, ಆ ಸಾಲಿನ ಜಾಗದಲ್ಲಿ ಬೇರೇನೋ ಗೀಚಿದೆ. ಓದಿ ಹೇಳು ಅಂದಳು. ಓದಿದೆ. ಬರೆಯದೇ ಇದ್ದದ್ದನ್ನೂ ಸೇರಿಸಿ ಓದಿದೆ. ಅವಳು ಎಂಜಲು ಹಚ್ಚಿ ಅಂಟಿಸಿ, ತಾನೇ ಹೋಗಿ ಡಬ್ಬಕ್ಕೆ ಹಾಕಿ ಬಂದಳು.

ಶಾಸ್ತ್ರದ ದಿನ ಬಸ್ ಸ್ಟಾಪಿನಿಂದಲೇ ಮೇಳ ಶುರುವಾಯಿತು. ಪಟಾಕಿ, ನಾದಸ್ವರ, ತಲೆಯ ಮೇಲೆ ತಟ್ಟೆ ಹೊತ್ತ ಹೆಂಗಸರು. ಹಣ್ಣು, ಹೂವು, ಸೀರೆ, ಅರಿಸಿನ, ಒಂದು ತಟ್ಟೆ ತುಂಬ ಹಸಿರು ಏಲಕ್ಕಿ. ಎಲ್ಲಕ್ಕಿಂತ ಹಿಂದೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಫ್ರಿಜ್ಜು, ಚೆಂಡು ಹೂವಿನ ಹಾರ ಹಾಕಿಕೊಂಡು. ಕಡು ಕೆಂಪು ಬಣ್ಣದ್ದು. ಚಿಕ್ಕಪ್ಪ ಹೊಸ ಪಂಚೆ ಉಟ್ಟು ಅದರ ಪಕ್ಕದಲ್ಲೇ ನಡೆಯುತ್ತಿದ್ದ. ಅವನ ಮುಖದಲ್ಲಿದ್ದ ಆ ಸಂತೋಷ... ಬೇಡ, ಅದನ್ನು ಹೇಳಲು ನನಗೆ ಆಗುವುದಿಲ್ಲ.

ಅತ್ತೆ ಆರತಿ ಎತ್ತಲು ಬಾಗಿಲಿಗೆ ಬಂದಳು. ತಮ್ಮನನ್ನು ನೋಡಿ ನಕ್ಕಳು. ಆಮೇಲೆ ಹಿಂದಿನದನ್ನು ನೋಡಿದಳು, ನಗು ಅಲ್ಲೇ ನಿಂತಿತು. ಬೇಡ ಅಂತ ಬರೆಸಿದ ಮೇಲೂ ತಂದಿದ್ದಾನೆ ಅಂತ ಅವಳಿಗೆ. ತಟ್ಟೆಗಳನ್ನೆಲ್ಲ ಮುಟ್ಟಿ ಮುಟ್ಟಿ ಒಳಗೆ ಇಳಿಸಿಕೊಂಡಳು. ಫ್ರಿಜ್ಜನ್ನು ಇಳಿಸಿ ಜಗಲಿಗೆ ಏರಿಸಿದಾಗ ಮಾತ್ರ ಬಾಗಿಲಿಗೆ ಅಡ್ಡ ನಿಂತಳು.

"ಇದು ಬ್ಯಾಡ ತಂಬೀ."

ಎಲ್ಲರೂ ನಕ್ಕರು. ಇರಲಿ ಅಕ್ಕಾ, ಅಂದ ಚಿಕ್ಕಪ್ಪ. ಬ್ಯಾಡ ಅಂದಳು. "ಎರಡಾಯ್ತು!" ಅಂತ ಯಾರೋ ಮುದುಕಿ ಕೂಗಿದಳು, ಮತ್ತೆ ನಗು. ಬ್ಯಾಡ ಅಂದಳು. "ಮೂರಾಯ್ತು, ಎತ್ರಪ್ಪಾ ಒಳ್ಗೆ!" ಗಂಡಸರು ಫ್ರಿಜ್ಜಿಗೆ ಕೈ ಹಾಕಿದರು. ಅತ್ತೆ ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಚಾಚಿದಳು.

"ಬ್ಯಾಡ."

ನಮ್ಮಲ್ಲಿ ನಾಲ್ಕನೆಯ ಬೇಡ ಇಲ್ಲ. ಅದನ್ನು ಅಲ್ಲಿದ್ದ ಯಾರೂ ಹುಟ್ಟಿದಾರಭ್ಯ ಕೇಳಿರಲಿಲ್ಲ. ನಾದಸ್ವರದವನು ಸಹ ನಿಲ್ಲಿಸಿಬಿಟ್ಟ. ತವರಿನ ಸೀರನ್ನು ಮೂರು ದಾಟಿ ಬೇಡ ಅಂದರೆ ತವರೇ ಬೇಡ ಅಂದ ಹಾಗೆ. ನಾನು ತಟ್ಟೆ ಹಿಡಿದ ಹೆಂಗಸರ ನಡುವೆ ನಿಂತಿದ್ದೆ. ಕಡದಾಸಿಯಲ್ಲಿ ಬರೆಸಿದ್ದೆನಲ್ಲ ಅಂತ ಒಂದು ಮಾತು ಅವಳು ಅಂದಿದ್ದರೆ ಮುಗಿಯುತ್ತಿತ್ತು, ಎಲ್ಲ ಹೊರಗೆ ಬರುತ್ತಿತ್ತು. ಅನ್ನಲಿಲ್ಲ. ಊರ ಮುಂದೆ ತಮ್ಮನನ್ನು ತಪ್ಪುಗಾರ ಮಾಡುವ ಹೆಂಗಸಲ್ಲ ಅವಳು. ನಾನೇ ಅನ್ನಬಹುದಿತ್ತು. ನನಗೇನು ಬಾಯಿಗೆ ಬೀಗ ಹಾಕಿದ್ದರೇ? ನಾಲ್ಕು ಹೆಜ್ಜೆ ಮುಂದೆ ಹೋಗಿ, ನಂದೇ ತಪ್ಪು ಚಿಕ್ಕಪ್ಪ ಅಂದಿದ್ದರೆ ಎರಡು ಏಟು ಬೀಳುತ್ತಿತ್ತು, ಅಷ್ಟೆ.

ಚಿಕ್ಕಪ್ಪ ಅಕ್ಕನ ಮುಖ ನೋಡಿದ. "ಪೆಟ್ಟಿ ಬ್ಯಾಡವಾ ಅಕ್ಕಾ, ನಾನೇ ಬ್ಯಾಡವಾ?" ಅಂದ. ಅತ್ತೆ ಚೌಕಟ್ಟಿನಿಂದ ಕೈ ತೆಗೆಯಲಿಲ್ಲ. ಸೊಸೆಯ ತಲೆಯ ಮೇಲೆ ಅಕ್ಷತೆ ಹಾಕಿ, ಎಲೆ ಮುಂದೆ ಕೂರದೆ, ಬಂದವರನ್ನೆಲ್ಲ ಕರೆದುಕೊಂಡು ಅವನು ಹೊರಟುಹೋದ. ಮಾಡಿದ ಅಡುಗೆ ಬಹಳ ಉಳಿಯಿತು.

ಫ್ರಿಜ್ಜು ಜಗಲಿಯ ಮೇಲೇ ಉಳಿಯಿತು. ಒಳಗೆ ಇಟ್ಟುಕೊಳ್ಳಲು ಅವಳಿಗೆ ಮನಸ್ಸಿಲ್ಲ. ವಾಪಸು ಕಳಿಸಿದರೆ ಉಳಿದದ್ದೂ ಕಡಿದುಹೋಗುತ್ತದೆ. ಬೇರೆಯವರಿಗೆ ಕೊಡುವ ಹಾಗಿಲ್ಲ, ತಮ್ಮನ ವಸ್ತು. ಹಳೇ ಸೀರೆ ಒಂದನ್ನು ಅದಕ್ಕೆ ಹೊದಿಸಿದಳು. ಶುಕ್ರವಾರ ಜಗಲಿ ಸಾರಿಸುವಾಗ ಅದನ್ನೂ ಒರೆಸುತ್ತಿದ್ದಳು. ಅದರ ಮೇಲೆ ಕೋಳಿ ಹತ್ತಿದರೆ ಓಡಿಸುತ್ತಿದ್ದಳು. ಅವಳು ತೋಟಕ್ಕೆ ಹೋದ ಹೊತ್ತು ನೋಡಿ ನಾನು ಒಮ್ಮೆ ಸೀರೆ ಸರಿಸಿ ಬಾಗಿಲು ತೆಗೆದೆ. ಒಳಗೆ ಥರ್ಮಾಕೋಲು ಹಾಗೇ ಇತ್ತು, ಆ ವಾಸನೆ ಹಾಗೇ ಇತ್ತು. ತಲೆ ಒಳಗೆ ಹಾಕಿ ಮೂಸಿದೆ, ನಾಚಿಕೆಗೆಟ್ಟವಳು.

ಆ ಪೊಂಗಲ್ಲಿಗೆ ಚಿಕ್ಕಪ್ಪ ಬರಲಿಲ್ಲ. ಅತ್ತೆ ಬೆಳಗಿನಿಂದ ಜಗಲಿಯ ಮೇಲೇ ಕೂತಿದ್ದಳು. ಗೂಡಲೂರು ಬಸ್ಸು ಬಂದಾಗಲೆಲ್ಲ ಕತ್ತು ಉದ್ದ ಮಾಡುತ್ತಿದ್ದಳು. ಮಾಮ ಸಂತೆಯಿಂದ ಕಬ್ಬು ತಂದು ಮುಂದೆ ಇಟ್ಟರೆ ಮುಟ್ಟಲಿಲ್ಲ. ಮಧ್ಯಾಹ್ನ ನಾನು ಪೊಂಗಲ್ ಪಾತ್ರೆ ಹಿಡಿದು ಹೋದಾಗ ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದಳು.

"ಕೂಸೇ, ಆ ಕಡದಾಸೀಲಿ ನಾ ಹೇಳಿದ್ ಮಾತು ಸರ್ಯಾಗಿ ಬರ್ದಿದ್ಯಾ?"

"ಬರ್ದಿದ್ದೆ ಅತ್ತೆ. ನೀ ಹೇಳ್ದಂಗೇ."

"ಆಮಾ, ಹೌದಲ್ಲ, ನೀ ಏನ್ಕೆ ತಪ್ಪು ಬರೀತೀಯ," ಅಂದು ನನ್ನ ಮಂಡಿ ತಟ್ಟಿದಳು.

ಕಾಗದದಲ್ಲಿ ಬಿಟ್ಟದ್ದು ಹುಡುಗಾಟ ಅನ್ನಬಹುದು. ಇದಕ್ಕೆ ಏನನ್ನಲಿ? ಅವಳು ನನ್ನನ್ನು ನಂಬಿದಳು, ನಂಬಿ ತಮ್ಮನ ಮೇಲಿನ ನಂಬಿಕೆ ಬಿಟ್ಟಳು. ತನ್ನ ಮಾತಿಗೆ ಅವನು ಚಿಕ್ಕಾಸಿನ ಬೆಲೆ ಕೊಡಲಿಲ್ಲ ಅಂತಲೇ ಆಮೇಲೆ ಬದುಕಿದಳು. ಮರು ವರ್ಷದ ಪೊಂಗಲ್ಲಿಗೂ ಜಗಲಿಯಲ್ಲಿ ಕೂತಿದ್ದಳಂತೆ. ಆ ಹೊತ್ತಿಗೆ ನಾನು ಮದುವೆಯಾಗಿ ಮಂಡ್ಯಕ್ಕೆ ಬಂದಿದ್ದೆ. ಅಮ್ಮ ಬರೆಸಿದ ಕಾಗದದಲ್ಲಿ ಅದನ್ನು ಓದಿದ್ದು.

ಅದೇ ವರ್ಷ, ಬೇಸಿಗೆಗೆ ಮೊದಲು ಅತ್ತೆ ಹೋದಳು. ಜ್ವರ, ನಾಲ್ಕೇ ದಿನ. ನಾನು ಹೋಗುವ ಹೊತ್ತಿಗೆ ಅಂಗಳದಲ್ಲಿ ಚಪ್ಪರ ಹಾಕಿ ಮಲಗಿಸಿದ್ದರು. ಎಲ್ಲ ಮುಗಿದಿತ್ತು, ಆದರೆ ಎತ್ತುವ ಹಾಗಿರಲಿಲ್ಲ. ಗಂಡನ ಮನೆಯಲ್ಲಿ ಸತ್ತ ಹೆಣ್ಣಿಗೆ ತವರಿನ ಸೀರೆ ಬರಬೇಕು, ಅದಕ್ಕೆ ಕೋಡಿ ಅನ್ನುತ್ತಾರೆ. ಅದನ್ನು ಹೊದಿಸದೆ ಎತ್ತಬಾರದು. ಬೋಡಿಗೆ ಫೋನು ಹೋಗಿತ್ತು. ಬಿಸಿಲು ಇಳಿಯಿತು. "ಬರೋದಿಲ್ಲ ಬಿಡಿ, ಸೀರು ತಿರುಗ್ಸಿದ ಮನೆ. ಅಂಗಡಿಯಿಂದ್ಲೇ ಒಂದು ಸೀರೆ ತರ್ಸಿ," ಅಂತ ಹಿರಿಯರೊಬ್ಬರು ಅಂದರು. ಯಾರೋ ಸೈಕಲ್ ತೆಗೆದರು. ಅಷ್ಟರಲ್ಲಿ ಚಿಕ್ಕಪ್ಪ ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ಕಂಕುಳಲ್ಲಿ ಕಾಗದ ಸುತ್ತಿದ ಪೊಟ್ಟಣ, ಕಾಲಲ್ಲಿ ಚಪ್ಪಲಿಯಿಲ್ಲ.

ಸೀರೆ ಹೊದಿಸಿದ. ಅಂಚನ್ನು ಎಳೆದು ಸರಿಮಾಡಿದ, ಮತ್ತೆ ಎಳೆದು ಸರಿಮಾಡಿದ. ಅಳಲಿಲ್ಲ. ಗಂಡಸರು ಚಟ್ಟದ ಕೆಲಸಕ್ಕೆ ಎದ್ದಾಗ ಜಗಲಿಗೆ ಬಂದು ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತ. ಕೂತ ಮೇಲೆ ಅದೇನೆಂದು ಗೊತ್ತಾಯಿತು. ಹೊದಿಸಿದ್ದ ಸೀರೆಯ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದ, ಅದು ಅವನೇ ಯಾವುದೋ ಪೊಂಗಲ್ಲಿಗೆ ತಂದದ್ದು. ನಾನು ಅಡುಗೆಮನೆಯ ಕೊಡದಿಂದ ಒಂದು ಚೊಂಬು ನೀರು ತಂದು ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಒಂದೇ ಉಸಿರಿಗೆ ಕುಡಿದ.

"ನಮ್ಮಕ್ಕ ಬ್ಯಾಡ ಅಂದ್ರೆ ಬ್ಯಾಡಾನೇ ಕೂಸೇ. ಸಣ್ಣದ್ರಿಂದ ನಂಗೊತ್ತು. ಬೇರೆಯವ್ರಂಗೆ ಮೂರು ಸಲ ಹೇಳೋಳಲ್ಲ," ಅಂದ. ಲೋಟವನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಮುಂಚೇನೇ ಆ ಕಡದಾಸೀಲಿ ಬರ್ಸಿದ್ರೆ ನಾ ತರ್ತಾನೇ ಇರ್ಲಿಲ್ಲ. ಒಂದ್ ಸಾಲು ಸಾಕಿತ್ತು."

ಈಗ ಹೇಳು, ಈಗಲಾದರೂ ಹೇಳು ಅಂತ ಒಳಗೆ ಕೂಗುತ್ತಿತ್ತು. ಬಾಯಿ ತೆರೆದೆ.

"ಇನ್ನೊಂದು ಲೋಟ ಕೊಡ್ಲಾ ಚಿಕ್ಕಪ್ಪ?" ಅಂದೆ.

ಬ್ಯಾಡ ಅಂದ. ನಾನು ಬಗ್ಗಿಸಿದೆ.

ಆ ಫ್ರಿಜ್ಜನ್ನು ಮಾಮ ಆಮೇಲೆ ಬಸ್ ಸ್ಟಾಪಿನ ಸೋಡಾ ಅಂಗಡಿಗೆ ಕೊಟ್ಟನಂತೆ. ಊರಿಗೆ ಹೋದಾಗಲೆಲ್ಲ ಅದನ್ನು ದಾಟಿಕೊಂಡೇ ಹೋಗಬೇಕಿತ್ತು. ಒಮ್ಮೆಯೂ ಅಲ್ಲಿ ಸೋಡಾ ಕುಡಿಯಲಿಲ್ಲ. ಇದೇನು ದೊಡ್ಡ ಪ್ರಾಯಶ್ಚಿತ್ತವೇ, ಮಣ್ಣು! ಚಿಕ್ಕಪ್ಪನಿಗೆ ಬರೆಯಬೇಕು ಅಂತ ಎಷ್ಟು ಸಲ ಕಾಗದ ತಂದಿಟ್ಟೆನೋ ಲೆಕ್ಕವಿಲ್ಲ. ಮಗಳು ಹುಟ್ಟಿದಳು, ಬೆಳೆದಳು, ಕಾಗದದ ಕಾಲವೇ ಮುಗಿಯಿತು. ಈ ವರ್ಷ ಯುಗಾದಿಯ ಹೊತ್ತಿಗೆ ಚಿಕ್ಕಪ್ಪನೂ ಹೋದ ಅಂತ ಊರಿನಿಂದ ನನ್ನ ತಮ್ಮ ಫೋನು ಮಾಡಿದ. ಹೌದಾ ಅಂದೆ. ಒಲೆಯ ಮೇಲೆ ಸಾರು ಇತ್ತು, ಕೆಳಗಿಳಿಸಿದೆ. ಹೇಳಬೇಕಾದವರು ಇಬ್ಬರೇ ಇದ್ದರು, ಇಬ್ಬರೂ ಇಲ್ಲ.

ಒಳಗೆ ಹೊಸ ಫ್ರಿಜ್ಜು ಸದ್ದು ಮಾಡುತ್ತಿದೆ. ಮಗಳು ಅದರ ತುಂಬ ಏನೇನೋ ಜೋಡಿಸಿದ್ದಾಳೆ, ತಣ್ಣನೆ ನೀರು ತಂದು ಕೊಟ್ಟು, "ಈಗ ಹೇಳಮ್ಮ, ಬೇಡವಾಗಿತ್ತಾ?" ಅಂತ ಕೆಣಕುತ್ತಾಳೆ. ನಾನು ಕುಡಿಯುತ್ತೇನೆ. ಸುಸ್ತಾಗಿದೆ, ವಾದ ಮಾಡುವ ವಯಸ್ಸು ದಾಟಿತು. ಆ ಇನ್‌ಲ್ಯಾಂಡ್ ಲೆಟರಿನಲ್ಲಿ ಕೊನೆಗೆ ಒಂದೇ ಸಾಲಿನ ಜಾಗವಿತ್ತು. ಐಸ್ ಪೆಟ್ಟಿ ಬೇಡ, ನೀ ಬಾ, ಸಾಕು ಅನ್ನುವುದು ಅದರಲ್ಲಿ ಹಿಡಿಸುತ್ತಿತ್ತು. ಅಲ್ಲಿ ನಾನು 'ಇಲ್ಲಿ ಮಳೆ ಚೆನ್ನಾಗಿದೆ' ಅಂತ ಬರೆದಿದ್ದೆ. ಆ ವರ್ಷ ಮಳೆಯೂ ಬಂದಿರಲಿಲ್ಲ.